ಕೂಗಿನ ಪಕ್ಕದಲ್ಲೊಂದು ಜಾಗ

ಮಧ್ಯಾಹ್ನ ಮಗಳು ಪುಟ್ಟಿ ಮಲಗಿದ ಮೇಲೆ ಶ್ಯಾಮಲಾ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಹೊಸನಗರದ ಬಾಡಿಗೆ ಮನೆ. ಗಂಡ ರವೀಶನಿಗೆ ಮಾಸ್ತಿಕಟ್ಟೆಯಲ್ಲಿ ಡ್ಯೂಟಿ, ಬರುವುದು ವಾರಕ್ಕೊಮ್ಮೆ. ಅವಳ ಕೆಲಸ ಸಾಗರದ ಒಂದು ಸಣ್ಣ ಕಂಪನಿಯದು. ಊರೂರಿನವರ ಮಾತಿನ ರೆಕಾರ್ಡಿಂಗ್ ಕೇಳಿ, ಕಂಪ್ಯೂಟರು ಕಲಿಯಲಿ ಅಂತ ಯಾವುದು ಮಾತು, ಯಾವುದು ಗದ್ದಲ ಎಂದು ಗುರುತು ಹಾಕುವುದು. ಇನ್ನೂ ಹಲವರು ಅವರವರ ಮನೆಯಲ್ಲಿ ಕೂತು ಅದನ್ನೇ ಮಾಡುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಕಿವಿ ತುಂಬ ಮಾತು, ಒಂದೂ ಅವಳೊಡನೆ ಆಡಿದ್ದಲ್ಲ.

ಒಂದು ರೆಕಾರ್ಡಿಂಗಿನಲ್ಲಿ ಗೊಬ್ಬರದ ವಿಷಯ ಹೇಳುತ್ತಿದ್ದ ಮುದುಕಿ ನಡುವೆ ನಿಲ್ಲಿಸಿ 'ಕೂ...' ಎಂದು ಕೂಗು ಹಾಕಿದಳು. ಶ್ಯಾಮಲಾ ಅಭ್ಯಾಸಬಲದಿಂದ 'ಗದ್ದಲ' ಒತ್ತಿ ಕಳಿಸಿಬಿಟ್ಟಳು. ಆಮೇಲೆ ಪಾತ್ರೆ ತೊಳೆಯುವಾಗ ಕೈ ನಿಂತಿತು. ತೀರ್ಥಹಳ್ಳಿ ಕಡೆಯ ತವರಿನಲ್ಲಿ ಆಚೆ ಗುಡ್ಡದ ಮನೆಯವರನ್ನು ಅಮ್ಮ ಕರೆಯುತ್ತಿದ್ದದ್ದು ಹೀಗೇ. ಕೇಳಿದವರು ತಿರುಗಿ ಕೂ ಅನ್ನಲೇಬೇಕು. ಅನ್ನದಿದ್ದರೆ ಏನಾಯಿತೋ ಎಂದು ಯಾರಾದರೂ ನೋಡಲು ಹೊರಡುತ್ತಿದ್ದರು. ಅದು ಗದ್ದಲ ಹೇಗಾದೀತು? ಮಾತು ಅನ್ನಲೂ ಆಗದು. ಪರದೆಯಲ್ಲಿ ಇರುವುದು ಆ ಎರಡೇ ಗುಂಡಿ, ಬಿಡಿಸಿ ಬರೆಯಲು ಜಾಗವೇ ಇಲ್ಲ.

ಸಾಗರದ ಮೇಲ್ವಿಚಾರಕಿ ಮೇಘನಾಗೆ ಫೋನ್ ಮಾಡಿದಳು. ಶಬ್ದ ಬರುವ ಕಡೆಯೇ ಸಣ್ಣ ಟಿಪ್ಪಣಿ ಬರೆಯುವಂತಿರಲಿ, ಅದೇ ರೆಕಾರ್ಡಿಂಗ್ ಮುಂದೆ ಕೇಳುವವರಿಗೂ ಅದು ಕಾಣಲಿ, ಅವರೂ ಕೆಳಗೆ ಬರೆಯಲಿ ಅಂದಳು. ಮೇಘನಾ ನಕ್ಕಳು. "ನಿಂಗೆ ಮಾತಾಡಕ್ಕೆ ಜನ ಬೇಕು ಅಂತ ಹೇಳು ಮಾರಾಯ್ತಿ."

"ಅದೂ ಹೌದು. ಆದ್ರೆ ಹೆಸರು ಮಾತ್ರ ಕಾಣ್ಬಾರ್ದು. ತಪ್ಪು ಯಾರದ್ದು ಅಂತ ಗೊತ್ತಾದ್ರೆ ಯಾರೂ ಬರೆಯಲ್ಲ."

ಕೊನೆಗೆ ಒಂದು ತಿಂಗಳ ಪ್ರಯೋಗಕ್ಕೆಂದು ಜಾಗ ಮಾಡಿಕೊಟ್ಟರು. ಯಾರೂ ಬಳಸದಿದ್ದರೆ ತೆಗೆದುಬಿಡುವುದು ಎಂದು ಮೇಘನಾ ಮೊದಲೇ ಹೇಳಿದ್ದಳು. ಶ್ಯಾಮಲಾ ಆ ಹಳೆಯ ರೆಕಾರ್ಡಿಂಗ್ ಹುಡುಕಿ ಕೂಗಿನ ಪಕ್ಕ ಬರೆದಳು: 'ಗದ್ದಲ ಅಲ್ಲ. ಯಾರನ್ನೋ ಕರೀತಿದಾರೆ. ನಂಗೆ ಉತ್ತರ ಕೇಳಿಸಲಿಲ್ಲ.' ದಿನಾ ಪುಟ್ಟಿಯ ಗಂಜಿ ಒಲೆ ಮೇಲಿಟ್ಟು ತೆರೆದು ನೋಡುವಳು. ಕೆಳಗೆ ಖಾಲಿ. ರವೀಶ ಬಂದಾಗ ಹೇಳಹೊರಟಳು. ಅವನಿಗಾಗಲೇ ನಿದ್ದೆ ಹತ್ತಿತ್ತು.

ಪ್ರಯೋಗ ಮುಗಿಯುವ ವಾರ ಒಂದು ಸಾಲು ಬಂದಿತ್ತು. 'ಉತ್ತರ ಇದೆ. ಕೋಳಿ ಕೂಗಿದ ಮೇಲೆ, ತುಂಬ ದೂರದಲ್ಲಿ. ಸೌಂಡ್ ಜಾಸ್ತಿ ಮಾಡಿ ಕೇಳಿ.'

ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದಳು. ಕೋಳಿ. ಆಮೇಲೆ, ಇದೆಯೋ ಇಲ್ಲವೋ ಎಂಬಷ್ಟು, ಕೂ.

ಬರೆದವರು ಯಾರೆಂದು ನೋಡಹೋದರೆ ಹೆಸರಿಲ್ಲ. ತಾನೇ ಬೇಡ ಅಂದದ್ದು. ಒಳಗೆ ಪುಟ್ಟಿ ಎದ್ದು ರಾಗ ಎಳೆಯತೊಡಗಿದಳು. ಶ್ಯಾಮಲಾ ಏಳುವ ಮೊದಲು ಕೆಳಗೊಂದು ಸಾಲು ಬರೆದಿಟ್ಟಳು: 'ಕೇಳಿತು. ನಿಮ್ಮದು ಯಾವ ಕಡೆ?'