ಆವಿಲಾದಲ್ಲಿ ಅಮ್ಮ ಮಾತಾಡಿದ್ದು

ವಿವರಣೆಗೆ ಸಿಗದ ಸಂಗತಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಅವರು ಸುಳ್ಳು ಹೇಳುತ್ತಾರೆಂದಲ್ಲ, ಎಲ್ಲೋ ಒಂದು ಕಡೆ ಸರಿಯಾಗಿ ನೋಡಿರುವುದಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ನೀವು ಎದ್ದು ಹೋದರೆ ಬೇಸರವಿಲ್ಲ.

ದೊಡ್ಡಬಳ್ಳಾಪುರದ ಹತ್ತಿರ ನಾನು ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಹೂವಿನ ಮೇಳವೊಂದಕ್ಕೆ ಸ್ಪೇನಿನ ಮ್ಯಾಡ್ರಿಡ್‌ಗೆ ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾತು ಕಡಿಮೆ ಮಾಡಿದ್ದಳು. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಜಾಗ ಬದಲಾದರೆ ಸ್ವಲ್ಪ ಮಾತಾಡಿಯಾಳು ಎಂಬ ಆಸೆ ನನಗೆ. ಮೇಳ ಮುಗಿದು ಒಂದು ದಿನ ಉಳಿದಿತ್ತು. ಆವಿಲಾ ಎಂಬ ಹಳೆಯ ಊರಿಗೆ ಗೈಡ್ ಸಮೇತ ಹೋಗಿಬರುವ ಬಸ್ಸಿಗೆ ಸೇರಿಕೊಂಡೆವು.

ಊರಿನ ಸುತ್ತ ಒಂದೇ ಸಮನೆ ಕೋಟೆಗೋಡೆ, ಉದ್ದಕ್ಕೂ ದುಂಡು ಬುರುಜುಗಳು.

“ದೇವನಹಳ್ಳಿ ಕೋಟೆ ಥರಾನೇ ಐತೆ,” ಎಂದಳು ಅಮ್ಮ. ಬೆಳಿಗ್ಗೆಯಿಂದ ಅದೇ ಮೊದಲ ಮಾತು.

ಗೈಡ್ ಲೂಸಿಯಾ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಗೋಡೆಯ ಮೇಲೆ ನಡೆಯಲು ಎಲ್ಲರೂ ಹೊರಟಾಗ ಅಮ್ಮ ಮಂಡಿನೋವೆಂದು ಕೆಳಗೆ ಬೆಂಚಿನ ಮೇಲೆ ಕೂತಳು. ಮುಕ್ಕಾಲು ಗಂಟೆ ಕಳೆದು ಇಳಿದು ಬಂದರೆ ಬೆಂಚು ಖಾಲಿ.

ಅಮ್ಮನ ಬಳಿ ಫೋನಿಲ್ಲ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು, ಬಸ್ಸು ಹೊರಡಲು ಅರ್ಧ ಗಂಟೆ. ನಾನೂ ಲೂಸಿಯಾಳೂ ಓಣಿ ಓಣಿ ಹುಡುಕಿದೆವು. ಕೊನೆಗೆ ಒಂದು ಮನೆಯ ಮೆಟ್ಟಿಲ ಮೇಲೆ ಕಂಡಳು. ಪಕ್ಕದಲ್ಲಿ ಅವಳಷ್ಟೇ ವಯಸ್ಸಿನ ಅಲ್ಲಿಯ ಹೆಂಗಸು. ಇಬ್ಬರೂ ಬಟಾಣಿ ಸುಲಿಯುತ್ತಾ, ತಲೆ ಹತ್ತಿರ ಮಾಡಿಕೊಂಡು ಮಾತಾಡುತ್ತಿದ್ದರು. ನಾವು ಹತ್ತಿರ ಹೋಗುವಷ್ಟರಲ್ಲಿ ಮಾತು ನಿಂತಿತು. ಯಾವ ಭಾಷೆ ಎಂದು ನನ್ನ ಕಿವಿಗೆ ಬೀಳಲಿಲ್ಲ.

“ಎಲ್ಲಿಗ್ ಬಂದ್ಬಿಟ್ಟೆ ಅಮ್ಮಾ!”

“ಈಯಮ್ಮ ಬಾ ಕೂತ್ಕೋ ಅಂದ್ರು, ಬಂದೆ.”

“ಯಾವ ಭಾಷೇಲಿ ಅಂದ್ರು?”

“ಇನ್ಯಾವ್ದು? ನಮ್ ಮಾತಲ್ಲೇ. ಚೆನ್ನಾಗ್ ಮಾತಾಡ್ತಾರೆ.”

ನಾನು ಆಕೆಗೆ ಕನ್ನಡದಲ್ಲಿ ನಮಸ್ಕಾರ ಹೇಳಿ ಹೆಸರು ಕೇಳಿದೆ. ಆಕೆ ಅರ್ಥವಾಗದೆ ನಕ್ಕರು. ಲೂಸಿಯಾ ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದಳು. ಉತ್ತರ ಕೇಳಿ ನನ್ನ ಕಡೆ ತಿರುಗಿದಳು.

“ನಿಮ್ಮ ತಾಯಿಗೆ ಸ್ಪ್ಯಾನಿಷ್ ಬರುತ್ತೆ ಅಂತ ನೀವು ಹೇಳಲೇ ಇಲ್ಲ.”

“ಬರೋದಿಲ್ಲ.”

ಲೂಸಿಯಾ ಮತ್ತೆ ಕೇಳಿದಳು. ಆಕೆ ಬಹಳ ಹೊತ್ತು ಹೇಳಿದ್ದನ್ನು ಲೂಸಿಯಾ ನನಗೆ ಇಂಗ್ಲಿಷಿನಲ್ಲಿ ತಿಳಿಸಿದಳು. ನನ್ನ ತಾಯಿ ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಕೂಸನ್ನು ಎತ್ತಿಕೊಂಡು ಗಂಡನ ಮನೆ ಬಿಟ್ಟು ಹೊರಟಿದ್ದಳಂತೆ. ಬಸ್ ನಿಲ್ದಾಣದಲ್ಲಿ ಮೂರು ಬಸ್ಸು ಬಂದರೂ ಹತ್ತದೆ, ಸಂಜೆ ಹಿಂದಿರುಗಿದಳಂತೆ.

“ಆ ಮಗು ನೀವೇನಾ ಅಂತ ಕೇಳ್ತಿದಾರೆ,” ಎಂದಳು ಲೂಸಿಯಾ.

ನಮ್ಮ ಮನೆಯಲ್ಲಿ ಅಂಥದ್ದೇನೂ ನಡೆದಿಲ್ಲ ಎಂದೆ. ಹೊತ್ತಾಗಿತ್ತು, ಬಸ್ಸಿನತ್ತ ಹೆಜ್ಜೆ ಹಾಕಿದೆವು.

ಬಸ್ಸು ಹೊರಟ ಮೇಲೆ ಮನಸ್ಸು ತಡೆಯಲಿಲ್ಲ. “ಅಮ್ಮ, ನೀನ್ ಯಾವತ್ತಾದ್ರೂ ಮನೆ ಬಿಟ್ಟು ಹೋಗಿದ್ಯಾ?”

ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. “ನೆಲಮಂಗಲದ ಬಸ್ ಸ್ಟ್ಯಾಂಡ್ ಗಂಟ. ನೀನಿನ್ನೂ ಹಾಲ್ ಕುಡಿಯೋ ಕೂಸು. ಶಿವಗಂಗೆಗೆ ಹೋಗಿದ್ಲು ಅಂದ್ಕಂಡಿದ್ರು ನಿಮ್ಮಪ್ಪ.”

“ಎಷ್ಟು ಬಸ್ಸು ಬಿಟ್ಟೆ?”

“ಮೂರು.”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೈಸನ್ನೆಯಲ್ಲಿ ತಿಳಿಸಿರಬಹುದು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೂರನ್ನು ಬೆರಳಲ್ಲಿ ತೋರಿಸಬಹುದು, ಆದರೆ ಮನೆ ಬಿಟ್ಟಿದ್ದನ್ನು? ಲೂಸಿಯಾಗೆ ಮೇಲ್ ಬರೆದು ಕೇಳಿದೆ. ಆ ಹೆಂಗಸು ಹೇಳಿದ್ದನ್ನಷ್ಟೇ ಅನುವಾದಿಸಿದೆ, ಒಂದು ಪದವನ್ನೂ ಸೇರಿಸಲಿಲ್ಲ ಎಂದು ಉತ್ತರ ಬಂತು. ಅದರಾಚೆಗೆ ನನಗೆ ಈವರೆಗೆ ಏನೂ ಹೊಳೆದಿಲ್ಲ.

ಅಂದು ಬಸ್ಸಿನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೆ.

“ಮತ್ತೆ ಯಾಕಮ್ಮ ವಾಪಸ್ ಬಂದೆ?”

“ಅದನ್ನ ಆಯಮ್ಮಂಗೆ ಹೇಳಿದೀನಿ, ಬಿಡು,” ಎಂದು ಅಮ್ಮ ಕಣ್ಣು ಮುಚ್ಚಿಕೊಂಡಳು.