ಹಸಿ ಅನಾನಸ್ಸೂ ಅಕ್ಕನ ಮೊದಲ ಆರ್ಡರೂ

ತಪ್ಪು ನನ್ನದೇ. ಅನಾನಸ್ ಹೋಳುಗಳನ್ನು ಸಕ್ಕರೆ ಹಾಕಿ ಕುದಿಸಿ, ಆರಿಸಿ, ಆಮೇಲೆ ಶ್ರೀಖಂಡಕ್ಕೆ ಬೆರೆಸು ಎಂದು ಅಕ್ಕ ಎರಡು ಸಲ ಹೇಳಿದ್ದಳು. ನಾನು ಹಸಿಯಾಗಿಯೇ ಸುರಿದೆ. ಅದೂ ಜೀವರಸಾಯನದಲ್ಲಿ ಎಂ.ಎಸ್ಸಿ. ಓದುತ್ತಿರುವ ನಾನು; ಕಿಣ್ವಗಳ ಪಾಠವನ್ನು ನಮ್ಮ ಪ್ರೊಫೆಸರರ ದನಿಯಲ್ಲೇ, ಅವರ ಕೆಮ್ಮಿನ ಸಮೇತ ಒಪ್ಪಿಸಬಲ್ಲವನು.

ಮದ್ರಾಸಿನ ವೆಸ್ಟ್ ಮಾಂಬಲಂನ ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತದೆ. ಮೈಸೂರಿನಿಂದ ಬಂದ ಅಕ್ಕ ಸಿಹಿ ಮಾಡಿಕೊಡುವ ಕೆಲಸ ಶುರುಮಾಡಿ ಆಗಿನ್ನೂ ಒಂದು ವಾರ. ಮೊದಲ ಆರ್ಡರ್ ಮೇಲಿನ ಮನೆಯ ಮಾಮಿಯದು, ಮಗಳ ಸೀಮಂತಕ್ಕೆ. ತಲೆಮಾರುಗಳಿಂದ ಇಲ್ಲೇ ನೆಲೆಸಿರುವ ಕನ್ನಡ ವೈಷ್ಣವರ ಮನೆ. ಮಾಮಿಯ ಕನ್ನಡ ಅರ್ಧ ದಾರಿಯಲ್ಲಿ ತಮಿಳು ಬಸ್ಸು ಹತ್ತಿಬಿಡುತ್ತದೆ. ಮಾಮಿ ಚೆನ್ನಾಗಿದೆ ಎಂದರೆ ಇಡೀ ಬೀದಿ ಆರ್ಡರ್ ಕೊಡುತ್ತದೆ. ಮುಖ ಸಿಂಡರಿಸಿದರೆ ಅಕ್ಕನ ಕೆಲಸ ಅಲ್ಲಿಗೇ ಮುಗಿಯಿತು.

ಅಕ್ಕ ಡಬ್ಬಿ ತರಲು ಹೋದಳು. ನನ್ನದೋ ನಿಂತಲ್ಲಿ ನಿಲ್ಲದ ಕಾಲು. ಒಲೆಯ ಮುಂದೆ ಸೌಟಾಡಿಸುತ್ತ ನಿಲ್ಲುವವರು ಯಾರು? ಹಸಿ ಹಣ್ಣಿನ ಘಮವೇ ಚೆಂದ ಎಂದು ನನಗೆ ನಾನೇ ಹೇಳಿಕೊಂಡು, ಕೋಯಂಬೇಡು ಮಾರುಕಟ್ಟೆಯಿಂದ ತಂದ ಹಣ್ಣನ್ನು ಕೊಚ್ಚಿ, ನೀರು ಬಸಿದ ಮೊಸರಿಗೆ ಕಲಸಿ ಹಾಗೇ ಬಿಟ್ಟೆ. ಪುಣ್ಯಕ್ಕೆ ಅರ್ಧ ಮೊಸರು ಇನ್ನೂ ಬಟ್ಟೆಯ ಗಂಟಿನಲ್ಲಿ ನಲ್ಲಿಯಿಂದ ನೇತಾಡುತ್ತಿತ್ತು.

ಮಧ್ಯಾಹ್ನ ಅಕ್ಕ ಬಂದು ಚಮಚ ಅದ್ದಿದಳು. ಶ್ರೀಖಂಡ ನೀರಾಗಿ ಜಾರಿತು.

“ಏನೋ ಇದು, ಕಹಿ! ಕುದಿಸಿದ್ಯಾ?”

“ಕುದಿಸೋದು ಹಳೇ ಕಾಲದ ಅಭ್ಯಾಸ ಅಂದ್ಕೊಂಡೆ...”

“ನಾಲ್ಕು ಗಂಟೆಗೆ ಮಾಮಿ ಬರ್ತಾರೆ ಕಣೋ,” ಎಂದಳು, ಅಷ್ಟೇ. ಎಲ್ಲರ ದನಿಯನ್ನೂ ಕದಿಯುವ ನನಗೆ ಆ ದನಿಯನ್ನು ಇವತ್ತಿಗೂ ಅನುಕರಿಸಲು ಆಗಿಲ್ಲ.

ಉಳಿದ ಹಣ್ಣನ್ನು ಕುದಿಯಲು ಇಟ್ಟೆವು. ಐದು ನಿಮಿಷದಲ್ಲಿ ನಾನು ಹತ್ತು ಸಲ ಗಡಿಯಾರ ನೋಡಿದೆ, ಮೂರು ಸಲ ಬಾಲ್ಕನಿಗೆ ಹೋಗಿ ಬಂದೆ. “ಒಂದ್ಕಡೆ ನಿಂತ್ಕೋ!” ಎಂದು ಅಕ್ಕ ಗದರಿದಳು. ಆರಿದ ಮೇಲೆ ಅದನ್ನು ಗಂಟಿನಲ್ಲಿ ಉಳಿದಿದ್ದ ಮೊಸರಿಗೆ ಬೆರೆಸಿದೆವು; ಡಬ್ಬಿ ಅರ್ಧವಷ್ಟೇ ತುಂಬಿತು.

ನಾಲ್ಕಕ್ಕೆ ಮಾಮಿ ಇಳಿದು ಬಂದರು. ಹಿಂದಿನ ವಾರವಷ್ಟೇ ಮೆಟ್ಟಿಲ ಮೇಲೆ ಅವರ ನಡಿಗೆಯನ್ನು ಮಾಡಿ ತೋರಿಸುತ್ತ ಅವರ ಕೈಗೇ ಸಿಕ್ಕಿಬಿದ್ದಿದ್ದೆ.

“ಏನಮ್ಮಾ, ಡಬ್ಬಿ ಅರ್ಧವೇ ಇದೆಯೇ?”

ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಗಾಬರಿಯಾದರೆ ನನ್ನ ಗಂಟಲಿಗೆ ಬೇರೆಯವರು ಬರುತ್ತಾರೆ. ಆವತ್ತು ಪ್ರೊಫೆಸರರು ಬಂದರು.

“ಅನಾನಸ್ಸಲ್ಲಿ ಒಂದು ಎನ್‌ಜೈಮ್ ಇದೆ ಮಾಮಿ. ಅದರ ಮೈಯಲ್ಲಿ ಒಂದು ಸಣ್ಣ ಕುಳಿ, ಸಕ್ರಿಯ ತಾಣ ಅಂತಾರೆ. ಮೊಸರಿನ ಪ್ರೋಟೀನಿನ ಉದ್ದದ ಸರಪಳಿ ಬಂದು ಅಲ್ಲಿ ಕೂರುತ್ತೆ. ಕುಳಿ ಅದಕ್ಕೆ ತಕ್ಕ ಹಾಗೆ ಒಂಚೂರು ಬಾಗಿ ಹಿಡ್ಕೊಳ್ಳುತ್ತೆ. ತಾನಾಗಿ ಕಳಚೋಕೆ ವರ್ಷಗಟ್ಟಲೆ ಬೇಕಾದ ಕೊಂಡಿ ಅಲ್ಲಿ ಕ್ಷಣದಲ್ಲಿ ಕಟ್! ಚೂರುಗಳು ಹೊರಗೆ, ಮುಂದಿನ ಸರಪಳಿ ಒಳಗೆ. ಆ ಚೂರುಗಳೇ ಕಹಿ. ಎಷ್ಟು ಕತ್ತರಿಸಿದ್ರೂ ಎನ್‌ಜೈಮ್ ಮಾತ್ರ ಇದ್ದ ಹಾಗೇ ಇರುತ್ತೆ. ಕುದಿಸಿದ್ರೆ ಅದರ ಮಡಿಕೆ ಬಿಚ್ಚಿ, ಕುಳಿಯ ಆಕಾರ ಹೋಗಿ, ಸುಮ್ಮನಾಗುತ್ತೆ.” ಕೊನೆಗೆ ಕೆಮ್ಮಿದೆ ಕೂಡ.

ಮಾಮಿ ಒಂದು ಚಮಚ ಬಾಯಿಗಿಟ್ಟರು. ನಿಧಾನಕ್ಕೆ ನುಂಗಿದರು. ಅಕ್ಕ ಸೆರಗಿನ ತುದಿ ಹಿಂಡುತ್ತಿದ್ದಳು. ಮಾಮಿ ಇನ್ನೊಂದು ಚಮಚ ತಿಂದು, ಡಬ್ಬಿಯ ಮುಚ್ಚಳ ಹಾಕಿ, ನನ್ನ ಕಡೆ ತಿರುಗಿದರು.

“ಎಲ್ಲರನ್ನೂ ಕತ್ತರಿಸ್ತದೆ, ತಾನು ಮಾತ್ರ ಹಾಗೇ ಇರ್ತದೆ, ಕುದಿಸಿದ್ರೇನೇ ಅಡಗ್ತದೆ ಅಂದೆಯಲ್ಲ ಪಾ? ನಾಮಕರಣಕ್ಕೂ ನಿನ್ನ ಅಕ್ಕನೇ ಮಾಡ್ಲಿ. ಆವತ್ತು ಹಣ್ಣಿನ ಜೊತೆ ನಿನ್ನನ್ನೂ ಕುದಿಸಿಬಿಡಕ್ಕೆ ಹೇಳು.”