ಸರಿಯುವ ಗೋಡೆಯ ದಸ್ತಗೀರಸಾಬ

ಬೆಳಕು ಹರಿಯುವ ಮೊದಲೇ ಚಿಕ್ಕೇರೂರಿನ ಶಾಲೆಯಲ್ಲಿ ವೆಲ್ಡಿಂಗ್ ಕಿಡಿ ಹಾರುತ್ತಿದೆ. ಅಕ್ಕಿಆಲೂರಿನಿಂದ ಬೈಕಿನಲ್ಲಿ ಬಂದ ದಸ್ತಗೀರಸಾಬ ಏಣಿಯ ಮೇಲಿದ್ದಾರೆ. ಇಷ್ಟು ಬೇಗ ಯಾಕೆ ಅಂತ ಕೇಳಿದೆ. "ಮಕ್ಕಳು ಬಂದ್ರ ಕಿಡಿ ನೋಡ್ಕೋತ ನಿಂದರ್ತಾವ್ರಿ. ಕಣ್ಣು ಹೋಗ್ತಾವ. ಪ್ರಾರ್ಥನಾದ ಗಂಟಿ ಹೊಡೆಯೂದ್ರಾಗ ಮಷಿನ್ ಬಂದ್ ಮಾಡಬೇಕು."

ವಿಜ್ಞಾನದ ಕೋಣೆ ಅಂದರೆ ನಮ್ಮ ಕಡೆ ಏನು? ಒಂದು ಗಾಜಿನ ಬೀರು, ಅದಕ್ಕೊಂದು ಬೀಗ. ಮುಟ್ಟಿದರೆ ಬೈಗುಳ. ಈ ಮನುಷ್ಯ ಮಾಡುವುದೇ ಬೇರೆ. ಎರಡು ತರಗತಿಗಳ ನಡುವೆ ಇಟ್ಟಿಗೆಯ ಬದಲು ಸರಿಯುವ ತಗಡಿನ ಗೋಡೆ ಕೂಡಿಸುತ್ತಾರೆ. ತೆರೆದರೆ ಉದ್ದನೆಯ ಪಡಸಾಲೆ. ಮಕ್ಕಳು ಇಳಿಜಾರು ಹಲಗೆಯಿಂದ ಗಾಲಿ ಉರುಳಿಸಿ ವೇಗ ಅಳೆಯಬಹುದು. ಮುಚ್ಚಿದರೆ ಬೆಳಕಿನ ಪ್ರಯೋಗಕ್ಕೆ ಕತ್ತಲ ಕೋಣೆ.

ಅಪ್ಪನ ಕಾಲದಿಂದ ಅಕ್ಕಿ ಗಿರಣಿಗಳ ಬಾಗಿಲು, ಅಂಗಡಿಗಳ ಶಟರ್ ಇವರಿಗೆ ಅನ್ನ ಕೊಟ್ಟಿವೆ. ಎಡಗಣ್ಣಿನಲ್ಲಿ ಸದಾ ನೀರು, ಮುಂಗೈ ತುಂಬ ಸುಟ್ಟ ಕಲೆ. ಮೊದಲ ಗೋಡೆಯನ್ನು ಸವಣೂರು ಕಡೆಯ ಶಾಲೆಯೊಂದರಲ್ಲಿ ಮಾಡಿದರು, ಕೆಡಿಸಿದರು. ಗಿರಣಿ ಬಾಗಿಲಿನಂತೆ ನೆಲದಲ್ಲಿ ಹಳಿ ಹೂಳಿದ್ದರು. ಚಾಕ್‌ಪೀಸು, ಮಣ್ಣು ಎಲ್ಲ ಅದರೊಳಗೆ ಸೇರಿ ಗೋಡೆ ನಟ್ಟನಡುವೆ ನಿಂತುಬಿಟ್ಟಿತು. "ಗಿರಣ್ಯಾಗ ಕಸಾ ಹೊಡಿಯಾಕ ಆಳ ಇರ್ತಾರ. ಸಾಲ್ಯಾಗ ಶೇಂಗಾ ತಿಂದು ಸಿಪ್ಪಿ ಒಗಿಯೋರ ಇರ್ತಾರ. ಅಷ್ಟ ತಿಳೀಲಿಲ್ಲ ನನಗ."

ಆ ಸುದ್ದಿ ಚಿಕ್ಕೇರೂರಿಗೂ ಮುಟ್ಟಿದೆ. ಇವತ್ತು ಗೋಡೆ ಸರಿಯದಿದ್ದರೆ ಕಿತ್ತು ಹಾಕಿ ಇಟ್ಟಿಗೆ ಗೋಡೆ ಕಟ್ಟಿಸುವುದೆಂದು ಶಾಲಾ ಸಮಿತಿ ಠರಾವು ಮಾಡಿದೆ. ಸಮಿತಿಯ ಅಧ್ಯಕ್ಷ ಮಂಜಪ್ಪ ಬಾಗಿಲಲ್ಲೇ ನಿಂತು ಕುಟುಕುತ್ತಾರೆ: "ಸಾಬರ, ಗ್ವಾಡಿ ಓಡಾಡೂದು ನೋಡಾಕ ಬಂದೇನಿ. ನಾನ ದಬ್ಬೂ ಪಾಳಿ ತರಬ್ಯಾಡ್ರಿ."

ಈ ಸಲ ಗೋಡೆಯನ್ನು ಮೇಲಿನ ಕಬ್ಬಿಣದ ತೊಲೆಯಿಂದ ಚಕ್ರಗಳ ಮೇಲೆ ತೂಗುಹಾಕಿದ್ದಾರೆ. ನೆಲದಲ್ಲಿ ಹಳಿಯೇ ಇಲ್ಲ. ಆದರೆ ತೂಗುವ ಗೋಡೆಯ ಕೆಳಗೆ ಸಂದು ಉಳಿಯಿತು, ಸಂದಿನಿಂದ ಬೆಳಕು ನುಗ್ಗಿತು. ವಿಜ್ಞಾನದ ಟೀಚರ್ ಪದ್ಮಜಾ ಪೂರ್ತಿ ಕತ್ತಲೆ ಬೇಕೆಂದು ಪಟ್ಟು ಹಿಡಿದರು. ಅದಕ್ಕೇ ಗಿರಣಿಯ ಹಳೇ ರಬ್ಬರ್ ಬೆಲ್ಟು ಕತ್ತರಿಸಿ ಅಂಚಿಗೆ ಬಿಗಿದಿದ್ದಾರೆ. ಅದು ನೆಲ ಸವರಿಕೊಂಡು, ಕಸವನ್ನೂ ಗುಡಿಸಿಕೊಂಡು ಬರುತ್ತದೆ.

ಪ್ರಾರ್ಥನೆ ಮುಗಿಯುತ್ತದೆ. ಪದ್ಮಜಾ ಆರನೆಯ ತರಗತಿಯ ಹುಡುಗಿಯರಿಗೆ ದಬ್ಬಲು ಹೇಳುತ್ತಾರೆ. ಗೋಡೆ ಕಿರುಗುಟ್ಟದೆ ಸರಿದು ಕೂಡಿಕೊಳ್ಳುತ್ತದೆ. ಕತ್ತಲೆ. ಕಿಟಕಿಗೆ ಮುಚ್ಚಿದ ತಗಡಿನಲ್ಲಿ ಒಂದು ಸಣ್ಣ ತೂತು. ಅದರಿಂದ ಬಂದ ಬೆಳಕಿನಲ್ಲಿ, ಎದುರಿನ ಸುಣ್ಣದ ಗೋಡೆಯ ಮೇಲೆ ಅಂಗಳದ ಬೇವಿನ ಮರ ತಲೆಕೆಳಗಾಗಿ ಮೂಡುತ್ತದೆ. ಕಾಲು ಮೇಲೆ ಮಾಡಿಕೊಂಡು ಒಂದು ಆಡು ಹಾದು ಹೋಗುತ್ತದೆ. ಮಕ್ಕಳೆಲ್ಲ ಗೊಳ್ಳೆನ್ನುತ್ತಾರೆ. ಮಂಜಪ್ಪ ಠರಾವಿನ ಮಾತು ಬಿಟ್ಟು, ತಾನು ಹೊರಗೆ ಹೋಗಿ ನಿಂತರೆ ಕಾಣುತ್ತೇನೆಯೇ ಎಂದು ವಿಚಾರಿಸುತ್ತಾರೆ.

ಪಾಠ ಮುಗಿದ ಮೇಲೆ ಗೋಡೆ ತೆರೆಯಲು ಪದ್ಮಜಾ ಕರೆದರೆ, ದಸ್ತಗೀರಸಾಬ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ.

"ನಾ ಮುಟ್ಟೂದಿಲ್ರಿ ಅಕ್ಕೋರ. ಇನ್ನ ಅದು ಹುಡುಗರ ಗ್ವಾಡಿ. ಅವರ ಸರಸಲಿ."